ಗಜನಿ ಗಾಡಿಗೆ ಆಯಿಲ್ ಬ್ರೇಕ್: ನನ್ನ ಅನುಭವ

ಕುಮಟಾ ಸುತ್ತಮುತ್ತ ನೀರು-ಕೆಸರು ಎರಡರಲ್ಲೂ ಓಡುವ ಗಾಡಿ ಕಟ್ಟುವವರು ಬೆರಳೆಣಿಕೆಯ ಜನ. ಅವರೆಲ್ಲ ಹೇಳಿದ್ದು ಒಂದೇ ಮಾತು: ಉಪ್ಪುನೀರಿಗೆ ಕೇಬಲ್ ಬ್ರೇಕೇ ಸೈ, ಹೈಡ್ರಾಲಿಕ್ (ಲಿವರ್ ಹಿಡಿದಾಗ ಮಾಸ್ಟರ್ ಸಿಲಿಂಡರ್ ಆಯಿಲ್ ತಳ್ಳಿ ಹಿಡಿಸುವ ಬ್ರೇಕ್) ಹಾಕಿದರೆ ಒಂದು ಮಳೆಗಾಲವೂ ಬಾಳಲ್ಲ. "ತಮಾ, ದುಡ್ಡು ಜಾಸ್ತಿ ಆಗಿದ್ರೆ ಹೊಳೆಗೆ ಎಸಿ, ಮಾಸ್ಟರ್ ಸಿಲಿಂಡರ್‌ಗೆ ಯಾಕೆ ಹಾಕ್ತೆ?" ಎಂದು ಧಕ್ಕೆಯ (ದೋಣಿ ನಿಲ್ಲುವ ಕಟ್ಟೆಯ) ಹಿರಿಯರೊಬ್ಬರು ನಕ್ಕಿದ್ದರು. ಈಗ ಅವರ ಅಳಿಯನೇ ತನ್ನ ಗಾಡಿ ತಂದು ನನ್ನ ಶೆಡ್ ಮುಂದೆ ನಿಲ್ಲಿಸಿದ್ದಾನೆ. ಹಾಗಾಗಿ ಬರೆಯುತ್ತಿದ್ದೇನೆ.

ಗಾಡಿ ಆರು ಚಕ್ರದ್ದು. ಫೈಬರ್ ತೊಟ್ಟಿ, ಹಳೆಯ ಡೀಸೆಲ್ ಆಟೋ ಇಂಜಿನ್, ಇಂಜಿನ್ ಬಲವನ್ನು ಎರಡು ಬದಿಗೆ ಹಂಚುವ ಒಂದು ಡಿಫರೆನ್ಷಿಯಲ್, ಎರಡು ಕಡೆ ಚೈನ್. ಅಘನಾಶಿನಿ ಹಿನ್ನೀರಿನ ಸಿಗಡಿ ಹೊಂಡಗಳಿಗೆ ಫೀಡ್ ಚೀಲ ಹೊರುವುದು, ಕಗ್ಗ ಎಂಬ ಉಪ್ಪು ತಡೆಯುವ ಭತ್ತ ಬೆಳೆಯುವ ಗಜನಿಗಳಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ) ಬಂಡು (ಮಣ್ಣಿನ ಒಡ್ಡು) ಒಡೆದಾಗ ಮಣ್ಣು ಸಾಗಿಸುವುದು, ಇದೇ ಕೆಲಸ. ಸುಮಾರು 300 ಕಿಲೋ ಎಳೆಯುತ್ತದೆ. ಡಾಂಬರು ರಸ್ತೆಗೆ ಇಳಿಸಲ್ಲ, ಟೆಂಪೋದಲ್ಲಿ ಹೇರಿಕೊಂಡು ಹೋಗುತ್ತೇವೆ.

ಇಂಥ ಗಾಡಿಯಲ್ಲಿ ಬ್ರೇಕೇ ಸ್ಟೇರಿಂಗ್, ಗೊತ್ತಲ್ವಾ? ಎಡ ಲಿವರ್ ಹಿಡಿದರೆ ಎಡ ಬದಿ ನಿಲ್ಲುತ್ತದೆ, ಬಲ ಬದಿ ದುಪ್ಪಟ್ಟು ಓಡುತ್ತದೆ. ನಿಲ್ಲಿಸಲು ಬ್ರೇಕ್ ಹಿಡಿಯುವುದು ಅಪರೂಪ, ತಿರುಗಿಸಲು ನಿಮಿಷಕ್ಕೆ ಹತ್ತು ಸಲ. ಕೇಬಲ್ ಪರವಾಗಿ ಮಾತಾಡುವವರು ಮರೆಯುವುದು ಇದನ್ನೇ.

ಕೇಬಲ್ ಕತೆ ಕೇಳಿ. ಹೊಸದು ಹಾಕಿದ ವಾರ ಬೆಣ್ಣೆ. ಆಮೇಲೆ ಹೊರಕವಚದೊಳಗೆ ಉಪ್ಪುನೀರು ಇಳಿಯುತ್ತದೆ, ಎಳೆ ಎಳೆಯಾಗಿ ತುಕ್ಕು. ಲಿವರ್ ಎಳೆದರೆ ಬರುತ್ತದೆ, ಬಿಟ್ಟರೆ ವಾಪಸ್ ಹೋಗಲ್ಲ. ಬಂಡಿನ ಮೇಲೆ ಎಡ ಬದಿ ಹಾಗೇ ಕಚ್ಚಿ ನಿಂತರೆ ಗಾಡಿ ಸೀದಾ ಹೊಂಡಕ್ಕೆ. ಒಂದು ಸಲ ಫೀಡ್ ಚೀಲಗಳ ಸಮೇತ ಹೋಯಿತು. ಚೀಲದ ದುಡ್ಡು ನಾನೇ ಕೊಟ್ಟೆ, ನಾಲ್ಕೈದು ಸಾವಿರ. ಸ್ಟೇನ್‌ಲೆಸ್ ಒಳತಂತಿ ಹಾಕಿ ನೋಡಿದೆ. ತುಕ್ಕು ನಿಂತಿತು, ಹಿಗ್ಗುವುದು ನಿಲ್ಲಲಿಲ್ಲ. ಅಡ್ಜಸ್ಟರ್ ತಿರುಗಿಸಿ ತಿರುಗಿಸಿ ಥ್ರೆಡ್ಡೇ ಮುಗಿಯಿತು. ದೋಣಿ ಇಂಜಿನ್ನಿನ ದಪ್ಪ ಕೇಬಲ್ ಹಾಕಿದೆ. ಅದು ಎಷ್ಟು ಬಿಗಿ ಎಂದರೆ ಸಂಜೆ ಹೊತ್ತಿಗೆ ಬೆರಳು ಮಡಚಲು ಆಗುತ್ತಿರಲಿಲ್ಲ.

ನಡುವೆ ಒಂದು ತಮಾಷೆ. ಗ್ರೀಸ್ ಬದಲು ಕೇಬಲ್ ಒಳಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ. ಕುಮಟಾದಲ್ಲಿ ಸೊಗಸಾಗಿ ಜಾರುತ್ತಿತ್ತು. ಜನವರಿಯಲ್ಲಿ ಶಿರಸಿ ಕಡೆಯ ಸ್ನೇಹಿತರು ಕೆರೆಯ ಹೂಳು ನೋಡಲು ಗಾಡಿ ತರಿಸಿದರು. ಬೆಳಿಗ್ಗೆ ಆರು ಗಂಟೆಯ ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಎರಡೂ ಲಿವರ್ ಗಟ್ಟಿ! ಬಿಸಿನೀರು ಸುರಿದು ಬಿಡಿಸಿದೆವು.

ಹೈಡ್ರಾಲಿಕ್‌ಗೆ ಬಂದರೆ, ಗುಜರಿಯಲ್ಲಿ ಸಿಕ್ಕ ಬೈಕಿನ ಡಿಸ್ಕ್, ಅದನ್ನು ಪಿಸ್ಟನ್‌ನಿಂದ ಒತ್ತಿ ಹಿಡಿಯುವ ಕ್ಯಾಲಿಪರ್, ಹ್ಯಾಂಡಲ್ ಮೇಲಿನ ಮಾಸ್ಟರ್ ಸಿಲಿಂಡರ್, ಎಲ್ಲ ಎರಡೆರಡು. ಪ್ರತಿ ಬದಿಗೆ ಬೇರೆ ಲೈನ್. ಡಿಸ್ಕನ್ನು ಮೊದಲು ಚಕ್ರದ ಪಕ್ಕ ಕೂರಿಸಿದ್ದೆ. ಬಂಡಿನ ಮೇಲೆ ತಿರುಗಿ ತಿರುಗಿ ಡಿಸ್ಕ್ ನೀಲಿ ಬಣ್ಣಕ್ಕೆ ಬರುವಷ್ಟು ಕಾಯುತ್ತದೆ, ಹಾಗೇ ನೀರಿಗೆ ಇಳಿದರೆ ಚುಂಯ್! ಕೆಲವೇ ದಿನದಲ್ಲಿ ಡಿಸ್ಕ್ ಸೊಟ್ಟ, ಲಿವರ್ ಕೈಯಲ್ಲಿ ಕುಣಿಯುತ್ತದೆ. ಜೊತೆಗೆ ಪಿಸ್ಟನ್ ಮೇಲಿನ ಕ್ರೋಮ್ ಉಪ್ಪಿಗೆ ಚುಕ್ಕೆ ಚುಕ್ಕೆಯಾಗಿ ಏಳುತ್ತದೆ. ಉಗುರಿಗೆ ತಾಗುವಷ್ಟು ಚುಕ್ಕೆ ಬಂದರೆ ಸಾಕು, ಸೀಲ್ ಹರಿಯುತ್ತದೆ. ಎಲ್ಲರೂ ಹೇಳುವ 'ಒಂದು ಮಳೆಗಾಲ' ಇದೇ.

ಆಮೇಲೆ ಡಿಸ್ಕ್, ಕ್ಯಾಲಿಪರ್ ಎಲ್ಲವನ್ನೂ ತೊಟ್ಟಿಯ ಒಳಗೆ, ಡಿಫರೆನ್ಷಿಯಲ್‌ನಿಂದ ಹೊರಬರುವ ಶಾಫ್ಟ್‌ಗೆ ತಂದೆ. ನೀರು-ನೆಲ ಎರಡರಲ್ಲೂ ಓಡುವ ವಿದೇಶಿ ಆರ್ಗೋ ಗಾಡಿಗಳಲ್ಲೂ ಬ್ರೇಕ್ ಒಳಗೇ ಇರುತ್ತದೆ. ನನ್ನದು ಹೊಸ ವಿದ್ಯೆಯೇನಲ್ಲ, ಆದರೆ ನಮ್ಮ ಕಡೆ ಮಾಡಿದ್ದು ನಾನೇ ಮೊದಲು ಎಂದುಕೊಂಡಿದ್ದೇನೆ. ಪಿಸ್ಟನ್‌ಗಳನ್ನು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಲೇತ್ ಮಾಡಿಸಿದೆ. 304 ಅಗ್ಗ, ಆದರೆ ಉಪ್ಪು ಅದನ್ನು ಬೇಗ ತಿನ್ನುತ್ತದೆ. ಪಿಸ್ಟನ್‌ಗೂ ಬೋರ್‌ಗೂ ಎಷ್ಟು ಸಡಿಲ ಬಿಟ್ಟೆ, ಡಸ್ಟ್ ಸೀಲಿನ ತುಟಿಗೆ ಏನು ಹಚ್ಚಿದೆ ಎಂದು ಕೇಳಬೇಡಿ. ಅದು ಲೇತ್‌ನವರಿಗೂ ನನಗೂ ಮಾತ್ರ.

ಹಾಕುವುದು ಡಾಟ್ 4 ದರ್ಜೆಯ ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುತ್ತದೆ. ಹೊಸದು ಕುದಿಯಲು 230 ಡಿಗ್ರಿ ದಾಟಬೇಕು, ತೇವ ಕುಡಿದ ಮೇಲೆ 155ರ ಹತ್ತಿರವೇ ಕುದಿಯಬಹುದು. ಕುದಿದರೆ ಲಿವರ್ ಸ್ಪಂಜು, ಗಾಡಿ ತಿರುಗಲ್ಲ. ಹಾಗಾಗಿ ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಪೂರ್ತಿ ಬದಲಿಸುತ್ತೇನೆ. ಇನ್ನೂರು-ಮುನ್ನೂರು ರೂಪಾಯಿ ಮಾತು. ಸಿಲಿಕೋನ್‌ನ ಡಾಟ್ 5 ತೇವ ಹೀರಲ್ಲ ಎಂದು ತರಿಸಿದ್ದೆ. ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಮೇಲಾಗಿ, ಹೇಗೋ ನುಗ್ಗಿದ ನೀರು ಅದರಲ್ಲಿ ಬೆರೆಯದೆ ಕ್ಯಾಲಿಪರ್ ತಳದಲ್ಲೇ ಕೂರುತ್ತದೆ. ಬಿಟ್ಟೆ. ಇನ್ನೊಂದು, ಬಾಡಿಗೆಗೆ ಒಯ್ದವರೊಬ್ಬರು ರಿಸರ್ವಾಯರ್‌ನಲ್ಲಿ ಬ್ರೇಕ್ ಆಯಿಲ್ ಕಡಿಮೆ ಇದೆ ಎಂದು ಸುಮ್ನೆ ಇಂಜಿನ್ ಆಯಿಲ್ ತುಂಬಿಸಿಬಿಟ್ಟಿದ್ದರು. ರಬ್ಬರ್‌ಗಳೆಲ್ಲ ಉಬ್ಬಿ ಬ್ರೇಕ್ ಬಿಡಲೇ ಇಲ್ಲ. ಎರಡೂ ಕಡೆ ರಬ್ಬರ್ ಕಿಟ್ ಹೊಸದು ಹಾಕಬೇಕಾಯಿತು. ಈಗ ಮುಚ್ಚಳಕ್ಕೆ ಸೀಲ್ ತಂತಿ ಕಟ್ಟಿ ಕೊಡುತ್ತೇನೆ.

ಒಂದು ಆಕ್ಷೇಪ ಮಾತ್ರ ಸರಿಯಾಗಿತ್ತು. ಬಳಚು (ತಿನ್ನುವ ಚಿಪ್ಪು ಜೀವಿ) ಆರಿಸುವ ಜಾಗದಲ್ಲಿ ಆಯಿಲ್ ಸೋರಿದರೆ? ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ) ಬೇರೆ ಸೇರಿದೆ. ನನ್ನಲ್ಲಿ ಇಡೀ ಲೈನ್ ತೊಟ್ಟಿಯ ಒಳಗೇ ಇದೆ, ಎರಡೂ ಬದಿ ಸೇರಿ ಒಂದು ಲೋಟದಷ್ಟೂ ಆಯಿಲ್ ಇಲ್ಲ. ಸೋರಿದರೂ ತಳದಲ್ಲಿ ನಿಲ್ಲುತ್ತದೆ. ತಳದ ನೀರನ್ನು ಹೊಳೆಗೆ ಪಂಪ್ ಮಾಡಲ್ಲ, ದಡಕ್ಕೆ ತಂದು ಡಬ್ಬಕ್ಕೆ ತೆಗೆಯುತ್ತೇವೆ.

ಖರ್ಚು ಒಟ್ಟು ಹನ್ನೊಂದು-ಹನ್ನೆರಡು ಸಾವಿರ ಬಂತು, ಅರ್ಧ ಲೇತಿಗೇ. ಕೇಬಲ್ ಜೋಡಿ ಮೂರು ಸಾವಿರಕ್ಕೆ ಆಗುತ್ತಿತ್ತು, ಆದರೆ ವರ್ಷಕ್ಕೆ ಎರಡು ಸಲ, ಮೇಲೆ ಕೆಲಸ ನಿಂತ ದಿನಗಳ ಬಾಡಿಗೆ ನಷ್ಟ.

ಕೇಬಲ್ ಪೂರ್ತಿ ಬಿಟ್ಟಿಲ್ಲ. ಧಕ್ಕೆಯ ಇಳಿಜಾರಿನಲ್ಲಿ ರಾತ್ರಿಯಿಡೀ ನಿಲ್ಲಿಸಲು ಹೈಡ್ರಾಲಿಕ್ ಲಿವರ್ ಕಟ್ಟಿಟ್ಟರೆ ಬೆಳಿಗ್ಗೆಗೆ ಪ್ರೆಶರ್ ಇಳಿದಿರುತ್ತದೆ. ಪಾರ್ಕಿಂಗಿಗೆ ಬೇರೆ ಮೆಕ್ಯಾನಿಕಲ್ ಕ್ಯಾಲಿಪರ್, ಒಂದೇ ಕೇಬಲ್. ದಿನಕ್ಕೆ ಒಂದೆರಡು ಸಲ ಎಳೆಯುವುದಕ್ಕೆ ಅದು ಧಾರಾಳ ಸಾಕು. ಮಳೆಗಾಲ ಮುಗಿಯುವಾಗ ತುಕ್ಕು ಹಿಡಿಯುತ್ತದೆ, ನಾನೂರು ರೂಪಾಯಿ ಕೊಟ್ಟು ಹೊಸದು ಹಾಕುತ್ತೇನೆ.