ಶೀ-ರಾ ಬಗ್ಗೆ ಮೂರು ಸಲ ಬರೆದೆ

ಮೊದಲ ಸಲ ಬರೆದದ್ದು ನಾಲ್ಕು ಪುಟ. ಪೂರ್ತಿ ಹರಿದು ಹಾಕಿದೆ. ಎರಡನೇ ಸಲದ್ದರಲ್ಲಿ ಒಂದೇ ಒಂದು ಪ್ಯಾರಾ ಉಳಿಯಿತು. ಮೂರನೆಯದು ಅಚ್ಚಾಯಿತು. ಒಂದು ಕಾರ್ಟೂನ್ ಬಗ್ಗೆ ಬರೆಯೋಕೆ ಇಷ್ಟು ಒದ್ದಾಟ ಯಾಕೆ ಅಂತ ಮನೆಯಲ್ಲಿ ಕೇಳಿದರು. ಅದಕ್ಕೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಮಕ್ಕಳ ಸರಣಿಗಳ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂದುಕೊಂಡವರಿಗೆ ನನ್ನ ತಪ್ಪುಗಳಿಂದ ಸ್ವಲ್ಪ ದಾರಿ ಸಿಗಬಹುದು.

ಸರಣಿಯ ಪೂರ್ತಿ ಹೆಸರು 'ಶೀ-ರಾ ಅಂಡ್ ದಿ ಪ್ರಿನ್ಸೆಸಸ್ ಆಫ್ ಪವರ್'. 2018ರ ನವೆಂಬರ್ 13ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂತು, 2020ರ ಮೇ ತಿಂಗಳಲ್ಲಿ ಮುಗಿಯಿತು. ಐದು ಸೀಸನ್, ಒಟ್ಟು 52 ಕಂತು. ಡ್ರೀಮ್‌ವರ್ಕ್ಸ್ ಸಂಸ್ಥೆಗಾಗಿ ಇದನ್ನು ಕಟ್ಟಿದವರು ಎನ್.ಡಿ. ಸ್ಟೀವನ್ಸನ್. ಇದು ಹೊಸ ಕಥೆಯಲ್ಲ, 1985ರಿಂದ 1987ರವರೆಗೆ ಬಂದ 93 ಕಂತುಗಳ ಹಳೆಯ ಶೀ-ರಾಳನ್ನು ಮತ್ತೆ ಹೊಸದಾಗಿ ಹೇಳಿದ್ದು. ಆ ಹಳೆಯದು ಹೀ-ಮ್ಯಾನ್ ಸರಣಿಯ ಕೊಂಬೆ, ಅದರ ಹಿಂದೆ ಮ್ಯಾಟೆಲ್ ಕಂಪನಿಯ ಗೊಂಬೆಗಳಿದ್ದವು.

ಬೇಸಿಗೆ ರಜೆಗೆ ಅಕ್ಕನ ಮಗಳು ದಾವಣಗೆರೆಯಿಂದ ಚಿತ್ರದುರ್ಗಕ್ಕೆ, ನಮ್ಮ ಮನೆಗೆ ಬಂದಿದ್ದಳು. ಆರನೇ ಕ್ಲಾಸು ಮುಗಿಸಿದ್ದಳು. ಮಧ್ಯಾಹ್ನ ಹೊರಗೆ ಕಾಲಿಡೋಕೆ ಆಗದ ಬಿಸಿಲು. ಪರಿಚಯದವರೊಬ್ಬರು ನಡೆಸುವ ಸಣ್ಣ ಮಾಸಪತ್ರಿಕೆಗೆ ಮಕ್ಕಳು ನೋಡುವ ಸರಣಿ ಯಾವುದಾದರೂ ಒಂದರ ಬಗ್ಗೆ 900 ಪದ ಬರೆದುಕೊಡಿ ಅಂತ ಕೇಳಿದ್ದರು. ಹಾಗಾಗಿ ಇಬ್ಬರೂ ಕೂತೆವು. ದಿನಕ್ಕೆ ಎರಡು ಮೂರು ಕಂತು, ಪಕ್ಕದಲ್ಲಿ ಅವಳೇ ತಂದ ನರ್ಗಿಸ್ ಮಂಡಕ್ಕಿ. ನಾವು ನೋಡಿದ್ದು ಇಂಗ್ಲಿಷ್‌ನಲ್ಲಿ. ಅವಳಿಗೆ ಅರ್ಥವಾಗದ ಕಡೆ ನಿಲ್ಲಿಸಿ ನಾನು ಕನ್ನಡದಲ್ಲಿ ಹೇಳಬೇಕಿತ್ತು. ಈ ನಿಲ್ಲಿಸಿ ಹೇಳುವ ಕೆಲಸವೇ ಮುಂದೆ ವಿಮರ್ಶೆಗೆ ತುಂಬಾ ನೆರವಾಯಿತು. ಉದಾಹರಣೆಗೆ, ಎಥೀರಿಯಾ ಅನ್ನುವ ಲೋಕವನ್ನು ಹಿಡಿಯಲು ಹೊರಟ ಸೈನ್ಯಕ್ಕೆ ಅಲ್ಲಿ 'ಹೋರ್ಡ್' ಅನ್ನುತ್ತಾರೆ. ಅದನ್ನು ಏನಂತ ಹೇಳೋದು? ಸೈನ್ಯ ಅಂದರೆ ತುಂಬಾ ಗೌರವದ ಮಾತಾಯಿತು. ಗುಂಪು ಅಂದರೆ ಸಣ್ಣದಾಯಿತು. ಬಾಯಿಗೆ ತಾನಾಗಿ ಬಂದದ್ದು 'ದಂಡು'. 'ಹೈದರಾಲಿ ದಂಡು ಬಂತು' ಅಂತ ನಮ್ಮೂರಿನಲ್ಲಿ ಅಜ್ಜಿಯಂದಿರು ಹೇಳುವ ಅದೇ ದಂಡು. ಹುಡುಗಿಗೆ ತಕ್ಷಣ ಗೊತ್ತಾಯಿತು.

ಮೊದಲ ನೋಟಕ್ಕೆ ನಾನು ಏನೂ ಬರೆದುಕೊಳ್ಳಲಿಲ್ಲ. ಇದು ನನ್ನ ಅಭ್ಯಾಸ. ಪೆನ್ನು ಹಿಡಿದು ನೋಡಿದರೆ ತಪ್ಪು ಹುಡುಕುವ ಕಣ್ಣು ಮುಂದೆ ಬರುತ್ತದೆ, ಕಥೆ ಹಿಂದೆ ಸರಿಯುತ್ತದೆ. ಎರಡನೇ ಸಲಕ್ಕೆ ಪುಸ್ತಕದ ಹಾಳೆಯ ನಡುವೆ ಗೆರೆ ಎಳೆದೆ. ಎಡಗಡೆ ಏನಾಯಿತು, ಬಲಗಡೆ ನನಗೆ ಏನನ್ನಿಸಿತು. 52 ಕಂತು ಅಂದರೆ ಇಪ್ಪತ್ತು ಗಂಟೆಗೂ ಜಾಸ್ತಿ. ಎಲ್ಲವನ್ನೂ ಎರಡು ಸಲ ನೋಡೋಕೆ ಆಗಲ್ಲ. ಯಾವ ಕಂತುಗಳು ರಾತ್ರಿ ಮಲಗಿದಾಗಲೂ ತಲೆಯಲ್ಲಿ ಉಳಿದಿದ್ದವೋ ಅಂಥ ಒಂಬತ್ತನ್ನು ಮಾತ್ರ ಮತ್ತೆ ನೋಡಿದೆ.

ಮೊದಲ ಬರಹ ಹಾಳಾದದ್ದು ಹಳೆಯ ಶೀ-ರಾಳಿಂದ. ಹೊಸದಾಗಿ ಮಾಡಿದ ಸರಣಿ ಅಂದ ತಕ್ಷಣ ಹೋಲಿಸಬೇಕು ಅಂತ ಅಂದುಕೊಂಡೆ. ಕತ್ತಿ ಹಿಡಿದು ಶೀ-ರಾ ಆಗುವ ನಾಯಕಿಯ ಹೆಸರು ಅಡೋರಾ. ಹಳೆಯ ಅಡೋರಾ ದೊಡ್ಡ ಹೆಂಗಸು, ಹೊಸ ಅಡೋರಾ ಹದಿಹರೆಯದ ಹುಡುಗಿ. ಹಳೆಯದರಲ್ಲಿ ಅವಳು ಹೀ-ಮ್ಯಾನ್‌ನ ಅವಳಿ ತಂಗಿ, ಹೊಸದರಲ್ಲಿ ಹೀ-ಮ್ಯಾನ್ ಬರುವುದೇ ಇಲ್ಲ. ಹಳೆಯದರಲ್ಲಿ ಖರ್ಚು ಉಳಿಸಲು ಅದೇ ಓಟ, ಅದೇ ತಿರುಗುವಿಕೆಯ ಚಿತ್ರಗಳನ್ನು ಮತ್ತೆ ಮತ್ತೆ ಬಳಸುತ್ತಿದ್ದರು. ಹೀಗೆ ನಾಲ್ಕು ಪುಟ. ಓದಿ ನೋಡಿದರೆ ಅದರಲ್ಲಿ ಎಲ್ಲೂ ನಾನು ನೋಡಿದ್ದೇ ಇಲ್ಲ, ಬರೀ ಓದಿ ತಿಳಿದದ್ದು. ನಾನು ಚಿಕ್ಕವಳಿದ್ದಾಗ ಹಳೆಯ ಶೀ-ರಾಳನ್ನು ನೋಡಿದವಳೂ ಅಲ್ಲ. ನೆನಪೇ ಇಲ್ಲದ ಕಡೆ ನೆನಪಿನ ಮಾತು ಬರೆದಿದ್ದೆ. ಹರಿದೆ.

ಎರಡನೇ ಸಲ ನಮ್ಮೂರಿನವಳಾಗಿ ಬರೆದೆ. ಕತ್ತಿ ಹಿಡಿದ ವೀರ ಹೆಣ್ಣುಮಗಳು ಅಂದರೆ ಚಿತ್ರದುರ್ಗದವರಿಗೆ ಯಾರು ನೆನಪಾಗುತ್ತಾರೆ ಅಂತ ಹೇಳಬೇಕಾಗಿಲ್ಲ ಅಲ್ವಾ? 'ಶೀ-ರಾ ಪರದೇಶದ ಒನಕೆ ಓಬವ್ವ' ಅಂತಲೇ ಶುರು ಮಾಡಿದೆ. ಬರೆಯುವಾಗ ತುಂಬಾ ಖುಷಿಯಾಯಿತು. ಮಾರನೇ ದಿನ ಬೆಳಿಗ್ಗೆ ಏಳಕ್ಕೇ ಹುಡುಗಿಯನ್ನು ಕೋಟೆಗೆ ಕರೆದುಕೊಂಡು ಹೋದೆ. ಬಂಡೆ ಕಾದ ಮೇಲೆ ಅಲ್ಲಿ ಓಡಾಡೋದು ಕಷ್ಟ.

ತಣ್ಣೀರು ದೋಣಿ ಅನ್ನುವ ನೀರಿನ ಜಾಗ ತೋರಿಸಿದೆ, ಆಮೇಲೆ ಓಬವ್ವನ ಕಿಂಡಿ. ಬಂಡೆಗಳ ನಡುವೆ ಒಬ್ಬರು ಬಗ್ಗಿ ನುಸುಳುವಷ್ಟು ಜಾಗ. ಗಂಡ ಕಾವಲುಗಾರ, ಊಟಕ್ಕೆ ಬಂದಿದ್ದ, ಇವಳು ನೀರಿಗೆ ಬಂದಾಗ ಸದ್ದು ಕೇಳಿಸಿತು, ಒಬ್ಬೊಬ್ಬರಾಗಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಹೊಡೆದಳು. ಇಷ್ಟನ್ನು ಅವಳಿಗೆ ಮತ್ತೊಮ್ಮೆ ಹೇಳಿದೆ. ಅವಳು ಕಿಂಡಿಯ ಈ ಕಡೆಯಿಂದ ಆ ಕಡೆ ಹೋಗಿ, ಅಲ್ಲಿಂದ ತಲೆ ಹೊರಗೆ ಹಾಕಿ ಕೇಳಿದಳು: 'ಚಿಕ್ಕಮ್ಮ, ಅಡೋರಾ ಆ ಕಡೆಯವಳಲ್ಲ ಅಲ್ವಾ? ಅವಳು ಈ ಕಡೆಯಿಂದ ಬರೋಳು. ದಂಡಿನೋಳು.'

ನಾನು ಅಲ್ಲೇ ಕೂತುಬಿಟ್ಟೆ. ಸರಿಯಾದ ಮಾತು. ಓಬವ್ವ ಅರಮನೆಯವಳಲ್ಲ, ಛಲವಾದಿ ಸಮುದಾಯದ ಹೆಣ್ಣುಮಗಳು, ಕಾವಲುಗಾರನ ಹೆಂಡತಿ. ತನ್ನ ಕೋಟೆಯನ್ನು ತಾನು ಕಾದಳು. ಅಡೋರಾಳ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅವಳು ದಂಡಿನಲ್ಲೇ ಬೆಳೆದವಳು. ರಾಜಕುಮಾರಿಯರು ಕ್ರೂರಿಗಳು, ನಾವು ಶಾಂತಿ ತರುವವರು ಅಂತ ಕೇಳಿಕೊಂಡೇ ದೊಡ್ಡವಳಾದವಳು. ಈಗಷ್ಟೇ ಫೋರ್ಸ್ ಕ್ಯಾಪ್ಟನ್ ಪಟ್ಟ ಸಿಕ್ಕಿದೆ. ಕಾಡಿನಲ್ಲಿ ಕತ್ತಿ ಸಿಗುತ್ತದೆ, ದಂಡಿನ ವಿರುದ್ಧ ಹೋರಾಡುವ ಗ್ಲಿಮ್ಮರ್ ಮತ್ತು ಬೋ ಅನ್ನುವ ಇಬ್ಬರ ಕೈಗೆ ಸಿಕ್ಕಿಬೀಳುತ್ತಾಳೆ. ಅವರ ಜೊತೆ ಒಂದು ಹಳ್ಳಿಗೆ ಹೋದಾಗ, ಹಬ್ಬ ಮಾಡುತ್ತಿದ್ದ ಆ ಜನರ ಮೇಲೆ ತನ್ನದೇ ದಂಡು ಬೀಳುವುದನ್ನು ಕಣ್ಣಾರೆ ನೋಡುತ್ತಾಳೆ. ಆಗ ಆ ಜನರ ಕಡೆ ನಿಲ್ಲುತ್ತಾಳೆ. ಕಿಂಡಿಯಿಂದ ನುಸುಳುತ್ತಿದ್ದ ಸೈನಿಕರಲ್ಲಿ ಒಬ್ಬ ಒಳಗೆ ಬಂದ ಮೇಲೆ ಊರನ್ನು ನೋಡಿ, ನನಗೆ ಹೇಳಿದ್ದೆಲ್ಲ ಸುಳ್ಳು ಅಂತ ತಿಳಿದು ಓಬವ್ವನ ಪಕ್ಕ ಹೋಗಿ ನಿಂತರೆ ಹೇಗಿರುತ್ತದೆ, ಅಂಥ ಕಥೆ ಇದು. ಎರಡನೇ ಬರಹದಲ್ಲಿ ಕೋಟೆಯನ್ನು ವರ್ಣಿಸಿದ ಪ್ಯಾರಾ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟೆ.

ಈಗ ಹಳೆಯದನ್ನು ನೋಡುವುದಕ್ಕೆ ಒಂದು ಕಾರಣ ಇತ್ತು. ಒಂದೇ ಪ್ರಶ್ನೆ ಇಟ್ಟುಕೊಂಡು ಅದರ ಶುರುವಿನ ಭಾಗ ನೋಡಿದೆ: ಅಲ್ಲಿ ಅಡೋರಾ ಪಕ್ಷ ಬದಲಿಸುವುದು ಹೇಗೆ? ಮಗುವಾಗಿದ್ದಾಗಲೇ ಅವಳನ್ನು ಕದ್ದು ತಂದಿರುತ್ತಾರೆ, ಮಾಟಗಾತಿ ಶ್ಯಾಡೋ ವೀವರ್ ಅವಳ ಮೇಲೆ ಮಂತ್ರ ಹಾಕಿರುತ್ತಾಳೆ. ಮಂತ್ರ ಬಿಟ್ಟರೆ ಅವಳು ಒಳ್ಳೆಯವಳು. ಹೊಸದರಲ್ಲಿ ಆ ಮಂತ್ರವೇ ಇಲ್ಲ. ಅವಳು ನಂಬಿದ್ದಳು, ಅಷ್ಟೆ. ಸಾಕಿದವರು ಹೇಳಿದ್ದನ್ನು ನಂಬಿದ್ದಳು. ಮಂತ್ರವನ್ನು ಯಾರಾದರೂ ಬಿಡಿಸಬಹುದು, ನಂಬಿಕೆಯನ್ನು ಅವಳೇ ಬಿಡಬೇಕು. ನನ್ನ ಮೂರನೇ ಬರಹ ಈ ಸಾಲಿನಿಂದ ಶುರುವಾಯಿತು. ನಾಲ್ಕು ಪುಟದ ಹೋಲಿಕೆ ಮಾಡದ ಕೆಲಸವನ್ನು ಈ ಒಂದು ವ್ಯತ್ಯಾಸ ಮಾಡಿತು.

ಆದರೆ ಅಡೋರಾ ಹೊರಟಾಗ ಹಿಂದೆ ಒಬ್ಬಳು ಉಳಿಯುತ್ತಾಳೆ. ಕ್ಯಾಟ್ರಾ. ಒಟ್ಟಿಗೆ ಬೆಳೆದವಳು, ಒಂದೇ ಹಾಸಿಗೆಯ ಕಾಲುದೆಸೆಯಲ್ಲಿ ಮಲಗಿದವಳು. 'ಬಾ' ಅಂದರೆ ಬರುವುದಿಲ್ಲ. ಈ ಸರಣಿಯ ಜೀವ ಕತ್ತಿಯಲ್ಲಿಲ್ಲ, ಇವರಿಬ್ಬರ ನಡುವೆ ಇದೆ. ಇಬ್ಬರನ್ನೂ ಬೆಳೆಸಿದವಳು ಶ್ಯಾಡೋ ವೀವರ್. ತಪ್ಪು ಯಾರೇ ಮಾಡಲಿ, ಬೈಗುಳ ಕ್ಯಾಟ್ರಾಗೆ. ಅಡೋರಾಗೆ ಮುದ್ದು, ಆದರೆ ಆ ಮುದ್ದಿಗೂ ಷರತ್ತು: ಅವಳನ್ನು ಹದ್ದುಬಸ್ತಿನಲ್ಲಿಡುವುದು ನಿನ್ನ ಜವಾಬ್ದಾರಿ. ಮೊದಲ ಸೀಸನ್ನಿನ ಹನ್ನೊಂದನೇ ಕಂತಿನಲ್ಲಿ ಇಬ್ಬರೂ ಒಂದು ಹಳೆಯ ಕಟ್ಟಡದಲ್ಲಿ ಸಿಕ್ಕಿಹಾಕಿಕೊಂಡು ತಮ್ಮ ಬಾಲ್ಯವನ್ನೇ ಎದುರಿಗೆ ನೋಡುತ್ತಾರೆ. ಒಂದೇ ನೆನಪು, ಇಬ್ಬರಿಗೂ ಬೇರೆ ಬೇರೆ ಅರ್ಥ. ನಾನು ಕಾಪಾಡಿದೆ ಅಂತ ಅಡೋರಾ ಅಂದುಕೊಂಡಿದ್ದಾಳೆ. ನನ್ನನ್ನು ಸಣ್ಣವಳನ್ನಾಗಿ ಮಾಡಿದಳು ಅಂತ ಕ್ಯಾಟ್ರಾ ಅಂದುಕೊಂಡಿದ್ದಾಳೆ. ಕೊನೆಗೆ ಅಪಾಯದಲ್ಲಿದ್ದ ಅಡೋರಾಳನ್ನು ಬಿಟ್ಟು ನಡೆದುಬಿಡುತ್ತಾಳೆ. ಹುಡುಗಿ ಆವತ್ತು ಸಂಜೆ ಪೂರ್ತಿ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, ಶಾಲೆಯಲ್ಲಿ ತನ್ನನ್ನೂ ಗೆಳತಿಯನ್ನೂ ಒಬ್ಬರು ಟೀಚರ್ ಹೇಗೆ ಹೋಲಿಸುತ್ತಾರೆ ಅಂತ ಹೇಳಿದಳು. 'ಅವಳನ್ನ ನೋಡಿ ಕಲಿ' ಅಂತ ನಮ್ಮ ಮನೆಗಳಲ್ಲಿ ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ, ಆ ಮಾತು ಇಬ್ಬರು ಮಕ್ಕಳಿಗೂ ಏನು ಮಾಡುತ್ತದೆ ಅನ್ನುವುದನ್ನು ಇಷ್ಟು ಚೆನ್ನಾಗಿ ತೋರಿಸಿದ ಬೇರೆ ಮಕ್ಕಳ ಸರಣಿಯನ್ನು ನಾನು ನೋಡಿಲ್ಲ. ವಿಮರ್ಶೆಯ ಅರ್ಧ ಜಾಗವನ್ನು ಇದಕ್ಕೇ ಕೊಟ್ಟೆ.

ಇಲ್ಲಿಂದ ಕೊನೆಯ ಭಾಗದ ಕಥೆ ಬರುತ್ತದೆ, ನೋಡದವರು ಮುಂದಿನ ಎರಡು ಪ್ಯಾರಾ ದಾಟಿ ಹೋಗಿ.

ಕೊನೆಯ ಕಂತಿನಲ್ಲಿ ಅಡೋರಾ ಮತ್ತು ಕ್ಯಾಟ್ರಾ ಒಬ್ಬರನ್ನೊಬ್ಬರು ಪ್ರೀತಿಸುವುದಾಗಿ ಹೇಳಿಕೊಳ್ಳುತ್ತಾರೆ, ಮುತ್ತು ಕೊಟ್ಟುಕೊಳ್ಳುತ್ತಾರೆ. ಅದಕ್ಕೂ ಮುಂಚೆ ಬೋಗೆ ಇಬ್ಬರು ಅಪ್ಪಂದಿರು ಇರುವುದು, ಸ್ಪಿನೆರೆಲ್ಲಾ ಮತ್ತು ನೆಟೋಸಾ ಅನ್ನುವ ಇಬ್ಬರು ರಾಜಕುಮಾರಿಯರು ದಂಪತಿಗಳಾಗಿರುವುದು ಕಥೆಯಲ್ಲಿ ಸಹಜವಾಗಿ ಬಂದು ಹೋಗಿರುತ್ತದೆ. ನಮ್ಮೂರಿನ ಸಣ್ಣ ಪತ್ರಿಕೆಯಲ್ಲಿ ಇದನ್ನು ಹೇಗೆ ಬರೆಯುವುದು ಅಂತ ಎರಡು ದಿನ ಯೋಚಿಸಿದೆ. 'ಗಾಢವಾದ ಸ್ನೇಹ' ಅಂತ ಬರೆದು ದಾಟಿಬಿಡಬಹುದಿತ್ತು. ಬರೆದೂ ನೋಡಿದೆ. ಸುಳ್ಳು ಅನ್ನಿಸಿತು. 52 ಕಂತು ನಡೆದು ಬಂದು ಅವರು ಹೇಳಿದ ಮಾತನ್ನು ನಾನು ಬೇರೆ ಮಾತಾಗಿ ಬದಲಿಸಿದರೆ ಅದು ವಿಮರ್ಶೆ ಆಗುವುದಿಲ್ಲ. 'ಪ್ರೀತಿ' ಅಂತಲೇ ಬರೆದೆ. ಸಂಪಾದಕರು ಒಂದು ಸಲ ಫೋನ್ ಮಾಡಿ ಕೇಳಿದರು, ಕಥೆಯಲ್ಲಿ ಹಾಗೇ ಇದೆ ಅಂದೆ, ಹಾಗೇ ಹಾಕಿದರು.

ಇನ್ನೊಂದು, ಕತ್ತಿ. ನಾಲ್ಕನೇ ಸೀಸನ್ನಿನ ಕೊನೆಯಲ್ಲಿ ಅಡೋರಾ ಅದನ್ನು ತಾನೇ ಮುರಿಯುತ್ತಾಳೆ. ಆ ಕತ್ತಿಯ ಮೂಲಕ ಇಡೀ ಎಥೀರಿಯಾವನ್ನೇ ಆಯುಧ ಮಾಡಲು ಹೊರಟಿರುವುದು ಅವಳಿಗೆ ಗೊತ್ತಾಗಿರುತ್ತದೆ. ಐದನೇ ಸೀಸನ್ನಿನಲ್ಲಿ ಕ್ಯಾಟ್ರಾಳನ್ನು ಉಳಿಸಿಕೊಳ್ಳಲು ಹೋದಾಗ, ಕೈಯಲ್ಲಿ ಕತ್ತಿ ಇಲ್ಲದೇ ಶೀ-ರಾ ಆಗುತ್ತಾಳೆ. ಆಗ ಹುಡುಗಿ 'ಒನಕೆನೂ ಮನೇದೇ ಅಲ್ವಾ ಚಿಕ್ಕಮ್ಮ' ಅಂದಳು. ಒನಕೆಗೆ ಯಾರೂ ಮಂತ್ರ ಹಾಕಿ ಕೊಟ್ಟಿರಲಿಲ್ಲ. ನಾನು ಮೊದಲೇ ಬರಹದಿಂದ ಕೈಬಿಟ್ಟಿದ್ದ ಓಬವ್ವ ಹೀಗೆ ಬೇರೆ ದಾರಿಯಿಂದ ವಿಮರ್ಶೆಯ ಒಳಗೆ ವಾಪಸ್ ಬಂದಳು. ಕತ್ತಿ ಮುರಿಯುವ ವಿಷಯವನ್ನು ಅಲ್ಲಿ ಬಿಟ್ಟುಕೊಡದೆ, ಶಕ್ತಿ ಎಲ್ಲಿದೆ ಅಂತ ಸರಣಿ ಕೇಳುತ್ತದೆ ಎಂದಷ್ಟೇ ಬರೆದೆ.

ತಪ್ಪುಗಳನ್ನೂ ಹೇಳಲೇಬೇಕಿತ್ತು. ಮೊದಲ ಏಳು ಕಂತು ನಿಧಾನ. ಒಂದು ರಾಜ್ಯಕ್ಕೆ ಹೋಗು, ಒಬ್ಬ ರಾಜಕುಮಾರಿಯನ್ನು ಒಪ್ಪಿಸು, ಮುಂದಿನ ರಾಜ್ಯಕ್ಕೆ ಹೋಗು. ತುಂಬಾ ಮಂದಿ ಇಲ್ಲೇ ಬಿಟ್ಟುಬಿಡಬಹುದು, ಎಂಟನೇ ಕಂತಿನ ಅರಮನೆ ಕುಣಿತದವರೆಗೆ ತಡೆದುಕೊಳ್ಳಿ ಅಂತ ಬರೆದೆ. ಎರಡನೇ ಸೀಸನ್ನಿಗೆ ಏಳೇ ಕಂತು, ಮೂರನೆಯದಕ್ಕೆ ಆರೇ ಕಂತು, ಒಂದೇ ಕಥೆಯನ್ನು ನಡುವೆ ಕತ್ತರಿಸಿದ ಹಾಗಿದೆ. ದಂಡಿನ ಒಡೆಯ ಹೋರ್ಡಾಕ್ ಅಷ್ಟು ಊರು ಹಾಳು ಮಾಡಿದ್ದಾನೆ, ಅವನಿಗೆ ಕೊನೆಯಲ್ಲಿ ಕ್ಷಮೆ ತುಂಬಾ ಬೇಗ ಸಿಕ್ಕಿತು. ಇದು ನನಗೆ ಈಗಲೂ ಒಪ್ಪಿಗೆಯಿಲ್ಲ.

ಅಂಕ ಕೊಡಿ, ಐದಕ್ಕೆ ಎಷ್ಟು ಅಂತ ಕೇಳಿದರು. ಕೊಡಲಿಲ್ಲ. ಅದರ ಬದಲು ಯಾವ ವಯಸ್ಸಿನ ಮಕ್ಕಳ ಜೊತೆ ಕೂತು ನೋಡಬಹುದು, ಎಲ್ಲಿ ನಿಲ್ಲಿಸಿ ಮಾತಾಡಬೇಕಾಗಬಹುದು ಅಂತ ಮೂರು ಸಾಲು ಕೊಟ್ಟೆ. ನಮ್ಮ ಕಡೆಯ ಅಪ್ಪ ಅಮ್ಮಂದಿರಿಗೆ ಬೇಕಾಗಿದ್ದು ಅದು.

ಕಳಿಸುವ ಮುಂಚೆ ಹುಡುಗಿಗೆ ಜೋರಾಗಿ ಓದಿ ಹೇಳಿದೆ. ಅವಳು ಕಾಲು ಮಡಚಿ ಕೂತು ಪೂರ್ತಿ ಕೇಳಿದಳು. 'ಎಲ್ಲಾ ಸರಿ ಚಿಕ್ಕಮ್ಮ, ಸ್ವಿಫ್ಟ್ ವಿಂಡ್ ಎಲ್ಲಿ?' ಅಂದಳು. ಅಡೋರಾಳ ಕುದುರೆ ಅದು. ಕತ್ತಿಯ ಶಕ್ತಿ ತಗುಲಿ ರೆಕ್ಕೆ ಬಂತು, ಕೊಂಬು ಬಂತು, ಮಾತು ಬಂತು, ಮಾತು ಬಂದದ್ದೇ ಉಳಿದ ಕುದುರೆಗಳನ್ನೂ ಬಿಡಿಸಬೇಕು ಅಂತ ಹೊರಟಿತು. 900 ಪದದಲ್ಲಿ ಅದಕ್ಕೆ ನಾನು ಒಂದು ಸಾಲೂ ಕೊಟ್ಟಿರಲಿಲ್ಲ. ಹಳೆಯ ಸರಣಿಯ ಇಸವಿಗಳಿದ್ದ ಸಾಲನ್ನು ತೆಗೆದು ಆ ಜಾಗದಲ್ಲಿ ಕುದುರೆಯ ಬಗ್ಗೆ ಬರೆದೆ. ಅವಳು ಇನ್ನೊಮ್ಮೆ ಓದಿಸಿ ಕೇಳಿದಳು. ಆಮೇಲೆ ಕಳಿಸಿದೆವು.