ಕೆನ್ನೆಯ ತುಣುಕೊಂದು ಸ್ಲೈಡ್ ಆಗುವವರೆಗೆ: ನನ್ನ ಅನುಭವ

ನಾನು ಹಿಸ್ಟೊಪೆಥಾಲಜಿ, ಅಂದರೆ ದೇಹದ ಅಂಗಾಂಶ ಪರೀಕ್ಷಿಸುವ, ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಡಾಕ್ಟರು ಬಯಾಪ್ಸಿ ತೆಗೆದು ಕಳಿಸಿದ ತುಣುಕನ್ನು ಸ್ಲೈಡ್ ಮಾಡಿಕೊಡುವುದು ನನ್ನ ಕೆಲಸ. ಶಾಲೆಯಲ್ಲಿ ಅನುಲೇಪಕ ಅಂಗಾಂಶ (ಮೇಲ್ಮೈ ಹೊದಿಸುವುದು), ಸಂಯೋಜಕ ಅಂಗಾಂಶ (ಜೋಡಿಸಿ, ಆಧಾರವಾಗಿ ನಿಲ್ಲುವುದು) ಅಂತ ಎರಡು ಪಟ್ಟಿ ಬಾಯಿಪಾಠ ಮಾಡಿಸುತ್ತಾರೆ. ಲ್ಯಾಬ್‌ಗೆ ಬರುವ ಚರ್ಮ, ಬಾಯಿ, ಹೊಟ್ಟೆಯ ತುಣುಕುಗಳಲ್ಲಿ ಇವೆರಡೂ ಒಂದರ ಮೇಲೊಂದು ಕೂತಿರುತ್ತವೆ. ಅವು ಸೇರುವ ಗೆರೆ ಸರಿಯಾಗಿ ಕಾಣಿಸಬೇಕು. ನನ್ನ ಕೆಲಸವೆಲ್ಲ ಆ ಗೆರೆಗಾಗಿಯೇ.

ಕೆನ್ನೆಯ ಒಳಭಾಗದ ಬಯಾಪ್ಸಿಯನ್ನೇ ತೆಗೆದುಕೊಳ್ಳಿ. ಅಡಿಕೆ, ಗುಟ್ಕಾ, ತಂಬಾಕು ಜಗಿಯುವವರು ನಮ್ಮಲ್ಲಿ ಜಾಸ್ತಿ, ಹಾಗಾಗಿ ಇದೂ ಜಾಸ್ತಿ. ತುಣುಕು ಅರ್ಧ ಸೆಂಟಿಮೀಟರ್ ಇದ್ದರೆ ಹೆಚ್ಚು. ಅದು ಕೊಳೆಯದಂತೆ ಕಾಪಾಡುವ 10% ಫಾರ್ಮಲಿನ್‌ನಲ್ಲಿ ಪೂರ್ತಿ ಮುಳುಗಿ ಬಂದಿರಬೇಕು. ಫಾರ್ಮಲಿನ್ ಚೆನ್ನಾಗಿ ಹಿಡಿದ ಮೇಲೆ ಆಲ್ಕೋಹಾಲ್‌ನಲ್ಲಿಟ್ಟು ನೀರಿನಂಶ ತೆಗೆಯುತ್ತೇವೆ. ಆಮೇಲೆ ಆಲ್ಕೋಹಾಲ್ ತೆಗೆದು ಮೇಣಕ್ಕೆ ದಾರಿ ಮಾಡುವ ಝೈಲೀನ್, ಕೊನೆಗೆ ಸುಮಾರು 60 ಡಿಗ್ರಿಯಲ್ಲಿ ಕರಗಿದ ಪ್ಯಾರಾಫಿನ್ ಮೇಣ.

ಮೇಣದಲ್ಲಿ ಕೂರಿಸುವಾಗ ನಾನು ಅವಸರ ಮಾಡುವುದಿಲ್ಲ. ತುಣುಕನ್ನು ಲೆನ್ಸ್ ಕೆಳಗೆ ಹಿಡಿದು ನೋಡುತ್ತೇನೆ. ಒಂದು ಮೈ ನುಣುಪಾಗಿ, ಸ್ವಲ್ಪ ಬೆಳ್ಳಗಿರುತ್ತದೆ. ಅದು ಅನುಲೇಪಕ. ಇನ್ನೊಂದು ಮೈ ಒರಟು, ನಾರುನಾರು. ಅದು ಸಂಯೋಜಕ. ಬಿಸಿ ಮಾಡಿದ ಚಿಮಟದಿಂದ ತುಣುಕನ್ನು ಅಂಚಿನ ಮೇಲೆ ನಿಲ್ಲಿಸಿ, ಮೇಣ ಗಟ್ಟಿಯಾಗುವವರೆಗೆ ಹಿಡಿದಿರುತ್ತೇನೆ. ಸುಮ್ನೆ ಮಲಗಿಸಿಬಿಟ್ಟರೆ ಬ್ಲೇಡು ಮೇಲ್ಪದರವನ್ನಷ್ಟೇ ಹೆರೆದುಕೊಂಡು ಹೋಗುತ್ತದೆ. ಆಗ ಸ್ಲೈಡಿನ ತುಂಬ ಜೀವಕೋಶಗಳಿರುತ್ತವೆ, ಗೆರೆ ಮಾತ್ರ ಇರುವುದಿಲ್ಲ.

ತೆಳ್ಳಗೆ ಕತ್ತರಿಸುವ ಯಂತ್ರವಾದ ಮೈಕ್ರೋಟೋಮ್‌ನಲ್ಲಿ 4 ಮೈಕ್ರಾನ್ ದಪ್ಪಕ್ಕೆ ಕಟ್ ಮಾಡುತ್ತೇನೆ. ಒಂದು ಮಿಲಿಮೀಟರ್‌ನ ಸಾವಿರ ಭಾಗದಲ್ಲಿ ನಾಲ್ಕು ಭಾಗ ಅದು. ಹೀಗೆ ಕತ್ತರಿಸಿದ ಸೆಕ್ಷನ್ನನ್ನು ಬೆಚ್ಚಗಿನ ನೀರಿನ ಮೇಲೆ ಬಿಟ್ಟರೆ ಸುಕ್ಕು ಬಿಡುತ್ತದೆ, ಆಗ ಸ್ಲೈಡಿಗೆ ಎತ್ತಿಕೊಳ್ಳಬೇಕು. ಹೆಮಟಾಕ್ಸಿಲಿನ್ ಅನ್ನುವ ಬಣ್ಣ ಹಾಕಿದಾಗ ಜೀವಕೋಶದ ಕೇಂದ್ರಗಳು ನೀಲಿಯಾಗುತ್ತವೆ. ಇಯೋಸಿನ್ ಅನ್ನುವ ಇನ್ನೊಂದು ಬಣ್ಣ ಹಾಕಿದಾಗ ಉಳಿದದ್ದು ಗುಲಾಬಿಯಾಗುತ್ತದೆ.

ಈಗ ಮೈಕ್ರೋಸ್ಕೋಪಿನಲ್ಲಿ ನೋಡಿ. ಮೇಲ್ಗಡೆ ಜೀವಕೋಶಗಳು ಸಂದೇ ಇಲ್ಲದೆ ಒತ್ತಿಕೊಂಡಿವೆ. ತಳದ ಸಾಲಿನವು ಚಿಕ್ಕವು, ಕಡುನೀಲಿ. ಹೊಸ ಜೀವಕೋಶ ಹುಟ್ಟುವುದು ಅಲ್ಲೇ. ಅವು ಮೇಲೇರುತ್ತಾ ಚಪ್ಪಟೆಯಾಗಿ, ಕೊನೆಗೆ ಉದುರುತ್ತವೆ. ಬಾಯಲ್ಲಿ, ಅನ್ನನಾಳದಲ್ಲಿ ದಿನವಿಡೀ ಉಜ್ಜಾಟ, ಅದಕ್ಕೇ ಅಷ್ಟು ಪದರ ಬೇಕು. ಶ್ವಾಸಕೋಶದ ಗಾಳಿಚೀಲದಲ್ಲಿ ಆಮ್ಲಜನಕ ದಾಟಿ ಹೋಗಬೇಕಲ್ವಾ? ಅಲ್ಲಿ ತೆಳ್ಳಗಿನ ಒಂದೇ ಪದರ. ಸಣ್ಣಕರುಳಿನಲ್ಲಿ ಆಹಾರ ಹೀರುವ ಉದ್ದುದ್ದ ಜೀವಕೋಶಗಳು, ನಡುನಡುವೆ ಲೋಳೆ ಸುರಿಸುವವು. ಶ್ವಾಸನಾಳದಲ್ಲಿ ಧೂಳು, ಲೋಳೆಯನ್ನು ಮೇಲಕ್ಕೆ ತಳ್ಳುವ ಸಣ್ಣ ರೋಮಗಳು.

ಈ ಅನುಲೇಪಕದೊಳಗೆ ಒಂದೂ ರಕ್ತನಾಳವಿಲ್ಲ. ಅದರ ಊಟವೆಲ್ಲ ಕೆಳಗಿನ ಸಂಯೋಜಕದಿಂದಲೇ ಬರಬೇಕು. ಅಲ್ಲಿ ಜೀವಕೋಶಗಳು ಕಡಿಮೆ, ದೂರದೂರ. ಅವುಗಳ ನಡುವೆ ಏನು ತುಂಬಿದೆ ಅನ್ನುವುದರ ಮೇಲೆ ಸಂಯೋಜಕದ ಜಾತಿ ನಿಲ್ಲುತ್ತದೆ. ಗಟ್ಟಿ ಕೊಲಾಜನ್ ನಾರು ಒತ್ತಾಗಿ ತುಂಬಿದರೆ ಸ್ನಾಯುರಜ್ಜು. ಬಾಗುವ, ನುಣುಪಾದ ವಸ್ತು ತುಂಬಿದರೆ ಮೃದ್ವಸ್ಥಿ. ಕ್ಯಾಲ್ಸಿಯಂ ಸೇರಿದರೆ ಮೂಳೆ. ದ್ರವ ತುಂಬಿದರೆ ರಕ್ತ. ರಕ್ತ ಹೇಗೆ ಈ ಗುಂಪಿಗೆ ಸೇರಿತು ಅಂತ ಮಕ್ಕಳು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಈ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಮೂಳೆಯನ್ನು ಹಾಗೇ ಕಟ್ ಮಾಡಲು ಹೋದರೆ ಬ್ಲೇಡು ಹಾಳು. ಮೊದಲು ಫಾರ್ಮಿಕ್ ಆಸಿಡ್‌ನಂಥದ್ದರಲ್ಲಿಟ್ಟು ಕ್ಯಾಲ್ಸಿಯಂ ಕರಗಿಸಬೇಕು. ಕೊಬ್ಬಿನ ಕತೆ ಬೇರೆ. ಆಲ್ಕೋಹಾಲ್, ಝೈಲೀನ್ ಸೇರಿ ಕೊಬ್ಬನ್ನು ಕರಗಿಸಿಕೊಂಡು ಹೋಗುತ್ತವೆ. ಸ್ಲೈಡಿನಲ್ಲಿ ಖಾಲಿ ಉಂಗುರಗಳಷ್ಟೇ ಉಳಿಯುತ್ತವೆ. ಕೊಬ್ಬನ್ನೇ ನೋಡಬೇಕಿದ್ದರೆ ತುಣುಕನ್ನು ಮೇಣಕ್ಕೆ ಹಾಕದೆ, ಹೆಪ್ಪುಗಟ್ಟಿಸಿ ಕಟ್ ಮಾಡಬೇಕು.

ಕೆನ್ನೆಗೆ ವಾಪಸ್ ಬರೋಣ. ವರ್ಷಗಟ್ಟಲೆ ಅಡಿಕೆ ಜಗಿದ ಕೆಲವರಿಗೆ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತಾರೆ. ಅಂಥವರ ಸ್ಲೈಡಿನಲ್ಲಿ ಸಡಿಲವಾಗಿರಬೇಕಿದ್ದ ಗುಲಾಬಿ ನಾರು ದಟ್ಟವಾಗಿ, ಗಾಜಿನಂತೆ ಒಂದೇ ಸಮ ಕಾಣುತ್ತದೆ. ರಕ್ತನಾಳಗಳು ಕಿರಿದಾಗಿರುತ್ತವೆ. ಮೇಲಿನ ಅನುಲೇಪಕ ಎಷ್ಟೋ ಸಲ ಸವೆದು ತೆಳುವಾಗಿರುತ್ತದೆ. ಇದು ಮುಂದೆ ಕ್ಯಾನ್ಸರ್ ಆಗುವ ಅಪಾಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದೇ ಹೇಳಿದೆ. ಅಡಿಕೆ ಬೆಳೆಯುವ ನಾಡಿನವರಿಗೆ ಇದನ್ನು ಹೇಳುವುದು ಸುಲಭವಲ್ಲ, ಆದರೂ ಹೇಳಲೇಬೇಕು.

ಕ್ಯಾನ್ಸರ್ ಅನುಮಾನ ಇದ್ದಾಗ ಡಾಕ್ಟರು ಮೊದಲು ಹುಡುಕುವುದು ಆ ಗೆರೆಯನ್ನೇ. ಅಲ್ಲಿ ತಳಪೊರೆ ಅನ್ನುವ ತೆಳ್ಳನೆಯ ಪದರವಿದೆ. ಕೆಟ್ಟ ಜೀವಕೋಶಗಳು ಅದರ ಮೇಲೇ ಇದ್ದರೆ ರೋಗ ಇನ್ನೂ ಹರಡಿಲ್ಲ. ಅದನ್ನು ಸೀಳಿ ಸಂಯೋಜಕಕ್ಕೆ ಇಳಿದರೆ ಅಲ್ಲಿ ರಕ್ತನಾಳ, ದುಗ್ಧನಾಳ (ಲಿಂಫ್ ನಾಳ)ಗಳ ದಾರಿ ಸಿಗುತ್ತದೆ. ಗೊತ್ತಾಗದಿದ್ದರೆ "ಇನ್ನೂ ಸ್ವಲ್ಪ ಒಳಗೆ ಹೋಗಿ ಕಟ್ ಮಾಡಿಕೊಡಿ" ಅನ್ನುತ್ತಾರೆ. ಅದಕ್ಕೇ ಮೊದಲ ಸಲವೇ ತುಣುಕು ಕೂತ ಮೇಣದ ಬ್ಲಾಕನ್ನು ಪೂರ್ತಿ ಸವೆಸಬಾರದು.

ನಮ್ಮಲ್ಲಿ ಎಷ್ಟೋ ಸಲ ಮನೆಯವರೇ ಬಯಾಪ್ಸಿ ಬಾಟಲಿ ಹಿಡಿದು ಲ್ಯಾಬ್‌ಗೆ ಬರುತ್ತಾರೆ. ದಯವಿಟ್ಟು ಅದರ ದ್ರವ ಚೆಲ್ಲಬೇಡಿ, ನೀರು ಬೆರೆಸಬೇಡಿ. ಫ್ರೀಜರ್‌ನಲ್ಲೂ ಇಡಬೇಡಿ. ಫಾರ್ಮಲಿನ್ ಸಿಗದ ತುಣುಕು ಕೊಳೆಯತೊಡಗಿದಾಗ ಅನುಲೇಪಕ ಕಳಚಿಕೊಂಡು ಬರುತ್ತದೆ. ಆಮೇಲೆ ನಾನು ಎಷ್ಟೇ ನೆಟ್ಟಗೆ ನಿಲ್ಲಿಸಿದರೂ ಡಾಕ್ಟರಿಗೆ ತೋರಿಸಲು ಗೆರೆ ಇರುವುದಿಲ್ಲ, ರೋಗಿಯನ್ನು ಇನ್ನೊಂದು ಬಯಾಪ್ಸಿಗೆ ಕರೆಯಬೇಕಾಗುತ್ತದೆ.