ಲೈಟ್ ಕಳ್ಳನ ಕಣ್ಣಿಗೆ, ನೀವು ಕತ್ತಲಲ್ಲಿ: ಮನೆಗೆ ಬೆಳಕಿನ ಕಾವಲು ಮಾಡೋದು ಹೇಗೆ?

ಕತ್ತಲಲ್ಲಿ ಇದ್ದವನ ಮುಖಕ್ಕೆ ಏಕ್ದಮ್ ಜೋರು ಲೈಟ್ ಬಿದ್ರೆ ಎಂತ ಆಗ್ತದೆ? ನಮ್ಮ ಕಣ್ಣು ಕತ್ತಲಿಗೆ ಪೂರ್ತಿ ಹೊಂದ್ಲಿಕ್ಕೆ 20ರಿಂದ 30 ನಿಮಿಷ ಬೇಕು, ರೆಟಿನಾದಲ್ಲಿ ರೊಡಾಪ್ಸಿನ್ ಅಂತ ಒಂದು ವಸ್ತು ಉಂಟು, ಅದು ಕತ್ತಲಲ್ಲಿ ನಿಧಾನಕ್ಕೆ ತುಂಬ್ತಾ ಬರ್ತದೆ, ಜೋರು ಬೆಳಕು ಬಿದ್ದ ಕೂಡ್ಲೇ ಖಾಲಿ. ಕಂಪೌಂಡಿನ ಆಚೆ ತೋಟದಲ್ಲಿ ಹೊಂಚು ಹಾಕಿ ಕೂತಿದ್ದವನು ಮುಖ ತಿರುಗಿಸ್ತಾನೆ, ಕೈ ಅಡ್ಡ ಹಿಡೀತಾನೆ, ಲೈಟ್ ಆಫ್ ಆದ್ಮೇಲೂ ಸ್ವಲ್ಪ ಹೊತ್ತು ಅವನಿಗೆ ಎದುರು ಕಲೆ ಬಿಟ್ರೆ ಬೇರೆ ಎಂತದೂ ಕಾಣೋದಿಲ್ಲ. ಅಷ್ಟೇ ಮಾರಾಯ್ರೆ, ಸಿನಿಮಾದ ಹಾಗೆ ಬಿದ್ದು ಒದ್ದಾಡೋದಿಲ್ಲ. ನಿಮಗೆ ಸಿಗೋದು ಕೆಲವೇ ಸೆಕೆಂಡು, ಅದೂ ನೀವು ಕತ್ತಲಲ್ಲಿ ಇದ್ರೆ ಮಾತ್ರ. ಇಬ್ಬರೂ ಬೆಳಕಲ್ಲಿ ನಿಂತ್ರೆ ಲಾಭ ಅವನಿಗೇ.

2024ರ ಜುಲೈಯಲ್ಲಿ ಮಂಗಳೂರಿನ ಕೋಟೆಕಣಿಯಲ್ಲಿ ಗ್ಯಾಂಗ್ ಮನೆಗೆ ನುಗ್ಗಿ ವಯಸ್ಸಾದ ಗಂಡ ಹೆಂಡತಿಗೆ ಹೊಡೆದು ದೋಚಿದ್ದು ನೆನಪಿರಬಹುದು. ಅದೇ ದಿನ ಸಕಲೇಶಪುರದಲ್ಲಿ ಸಿಕ್ಕಿಬಿದ್ರು, ಅದು ಬೇರೆ ವಿಷಯ. ಮಕ್ಕಳು ದುಬೈಯಲ್ಲೋ ಬೆಂಗಳೂರಲ್ಲೋ, ದೊಡ್ಡ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ, ಈ ಕಥೆ ನಮ್ಮಲ್ಲಿ ಯಾವ ಬೀದಿಯಲ್ಲಿ ಇಲ್ಲ ಹೇಳಿ? ಹಾಗಾಗಿ ಹೊರಗಿಂದಲೇ ಶುರು ಮಾಡುವ, ಕಳ್ಳ ಒಳಗೆ ಬಂದ್ಮೇಲೆ ಲೈಟಿಗೆ ಬೆಲೆ ಕಮ್ಮಿ.

ಮೊದಲ ಕೆಲಸ, ರಾತ್ರಿ ಎಲ್ಲ ಲೈಟ್ ಆಫ್ ಮಾಡಿ ಗೇಟಿನ ಹೊರಗೆ ನಿಂತು ನಿಮ್ಮ ಮನೆಯನ್ನೇ ನೋಡಿ. ಎಲ್ಲಿ ಅಡಗಬಹುದು? ಬಾವಿಕಟ್ಟೆ ಹಿಂದೆ, ಬಚ್ಚಲಿನ ಸಂದಿ, ಕಟ್ಟಿಗೆ ಕೊಟ್ಟಿಗೆ. ಸಿಟೌಟ್‌ಗೆ, ಅಂದ್ರೆ ಮುಂದಿನ ಜಗಲಿಗೆ, ಝಗಮಗ ಲೈಟ್ ಹಾಕಿ ಹಿಂದಿನ ಅಡುಗೆಮನೆ ಬಾಗಿಲನ್ನು ಕತ್ತಲಲ್ಲೇ ಬಿಡುವ ಮನೆಗಳೇ ಜಾಸ್ತಿ.

ಆಮೇಲೆ ಸೆನ್ಸರ್ ಇರುವ ಎಲ್‌ಇಡಿ ಫ್ಲಡ್ ಲೈಟ್, 30 ವ್ಯಾಟಿಂದು ಅಂಗಳಕ್ಕೆ ಧಾರಾಳ ಸಾಕು. ಏಳೆಂಟು ಅಡಿ ಎತ್ತರದಲ್ಲಿ ಮನೆ ಗೋಡೆಗೇ ಹಾಕಿ, ಮುಖ ಹೊರಗೆ, ಸ್ವಲ್ಪ ಕೆಳಗೆ ಬಾಗಿಸಿ. ಕಂಪೌಂಡಿನ ಮೇಲೆ ಮನೆ ಕಡೆ ಮುಖ ಮಾಡಿ ಹಾಕಿದ್ರೆ ಕಿಟಕಿಯಲ್ಲಿ ಇಣುಕುವ ನಿಮ್ಮ ಕಣ್ಣೇ ಕುಕ್ಕುತ್ತದೆ, ಅವನಿಗೆ ಸುಖ. ತೀರಾ ಮೇಲೆ ಮುಖ ಮಾಡಿದ್ರೆ ಪಕ್ಕದ ಮನೆಯವರ ಬೆಡ್‌ರೂಮಿಗೆ ಹೊಡೀತದೆ, ಬೆಳಗ್ಗೆ ಜಗಳ. ಸೆನ್ಸರ್ ಹಿಡಿಯೋದು ಮೈಯ ಶಾಖ ಅಲುಗಾಡೋದನ್ನು, ನೇರ ಎದುರು ನಡೆದು ಬಂದ್ರೆ ತಡವಾಗಿ ಹಿಡೀತದೆ, ಅಡ್ಡ ಹಾದು ಹೋದ್ರೆ ಬೇಗ, ಹಾಗಾಗಿ ಗೇಟಿಂದ ಬರುವ ದಾರಿಗೆ ಅಡ್ಡವಾಗಿ ಇಡಿ. ಎಪ್ರಿಲ್ ಮೇಯಲ್ಲಿ ಅಂಗಳದ ಸಿಮೆಂಟೇ ರಾತ್ರಿವರೆಗೆ ಬಿಸಿ ಇರ್ತದಲ್ಲ, ಆಗ ಮೈಯ ಶಾಖಕ್ಕೂ ಸುತ್ತಿನ ಶಾಖಕ್ಕೂ ವ್ಯತ್ಯಾಸ ಕಮ್ಮಿ, ರೇಂಜ್ ಇಳೀತದೆ, ಸೆನ್ಸ್ ಅಂತ ಬರೆದ ತಿರುಪನ್ನು ಸ್ವಲ್ಪ ಜಾಸ್ತಿ ಮಾಡ್ಬೇಕು. ಅದರ ಪಕ್ಕ ಸಾಮಾನ್ಯವಾಗಿ ಇನ್ನೆರಡು ತಿರುಪು, ಟೈಮ್ (ಎಷ್ಟು ಹೊತ್ತು ಉರೀಬೇಕು) ಮತ್ತು ಲಕ್ಸ್ (ಎಷ್ಟು ಕತ್ತಲಾದ್ಮೇಲೆ ಹತ್ಬೇಕು). ಲಕ್ಸನ್ನು ಸೂರ್ಯನ ಚಿತ್ರದ ಕಡೆ ತಿರುಗಿಸಿದ್ರೆ ಹಗಲಲ್ಲೂ ಉರೀತದೆ, ಹಗಲೇ ನಡೆದಾಡಿ ಟೆಸ್ಟ್ ಮಾಡಿ, ಆಮೇಲೆ ಚಂದ್ರನ ಕಡೆ ಇಡಿ. ಎಸಿಯ ಔಟ್‌ಡೋರ್ ಯೂನಿಟ್, ಗಾಳಿಗೆ ಆಡುವ ಬಾಳೆ ಎಲೆ ಸೆನ್ಸರಿನ ಎದುರು ಬೇಡ, ಸುಮ್ಮನೆ ಹತ್ತಿ ಹತ್ತಿ ಆರ್ತದೆ. ಬೆಕ್ಕಿಗೂ ಹತ್ತುತ್ತದೆ, ಅದಕ್ಕೆ ಮದ್ದಿಲ್ಲ.

ಮಲ್ಪೆ, ಪಣಂಬೂರು, ಉಳ್ಳಾಲದ ಕಡೆಯವ್ರು ಐಪಿ65 ಅಂತ (ಧೂಳು, ನೀರು ಒಳಗೆ ಹೋಗದ್ದು) ಇದ್ದದ್ದನ್ನೇ ತಗೊಳ್ಳಿ, ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿಂದು ಹಾಕಿಸಿ, ಉಪ್ಪುಗಾಳಿಗೆ ಮಾಮೂಲಿ ಸ್ಕ್ರೂ ಬೇಗ ತುಕ್ಕು ಹಿಡೀತದೆ. ವಯರ್ ಒಳಗೆ ಹೋಗುವ ತೂತಿಗೆ ಜೂನ್ ಮೊದಲೇ ಸಿಲಿಕೋನ್ ಅಂಟು ಬಳೀರಿ.

ಹೊರಗಿನ ಎಲ್ಲ ಲೈಟಿಗೂ ಬೆಡ್‌ರೂಮಲ್ಲಿ ಒಂದು ಮಾಸ್ಟರ್ ಸ್ವಿಚ್ ಇರ್ಬೇಕು, ಇದು ನನ್ನ ಪ್ರಕಾರ ಅತಿ ಮುಖ್ಯ, ಸೆನ್ಸರಿಗಿಂತಲೂ. ಹೊಸ ಮನೆಗೆ ಎಲೆಕ್ಟ್ರಿಷಿಯನ್‌ಗೆ ಹೇಳಿದ್ರೆ ಸಲೀಸು, ಹಳೇ ಹಂಚಿನ ಮನೆಗೆ ರಿಮೋಟ್ ಸ್ವಿಚ್ ಹಾಕಿಸಬಹುದು. ಇನ್ನೊಂದು ವಿಷಯ, ನಮ್ಮಲ್ಲಿ ಮೀಟರ್ ಬೋರ್ಡು ಮೇನ್ ಸ್ವಿಚ್ಚು ಎರಡೂ ಸಿಟೌಟ್‌ನಲ್ಲೇ ಇರ್ತದೆ, ಕಳ್ಳ ಬಂದವನೇ ಕೆಳಗೆ ಎಳೆದ್ರೆ ಕಥೆ ಮುಗೀತು. ಅದಕ್ಕೆ ಎರಡು ಫ್ಲಡ್ ಲೈಟಾದ್ರೂ ಇನ್ವರ್ಟರಿಗೆ ಕೊಡಿ, ಎರಡೂ ಸೇರಿ 60 ವ್ಯಾಟು, ಬ್ಯಾಟರಿಗೆ ಲೆಕ್ಕವೇ ಅಲ್ಲ.

ಈಗ ಟಾರ್ಚು. ಆನ್‌ಲೈನಲ್ಲಿ ಹತ್ತಿಪ್ಪತ್ತು ಸಾವಿರ ಲುಮೆನ್ (ಬೆಳಕಿನ ಅಳತೆ) ಅಂತ ಬರೆದ ಅಗ್ಗದ್ದನ್ನು ನಂಬ್ಬೇಡಿ, ನಿಜವಾದ 500ರಿಂದ 1000 ಲುಮೆನ್ ಇದ್ರೆ ಮನೆಯ ಕತ್ತಲೆ ಹಾಲ್‌ಗೆ ಸಾಕೋ ಸಾಕು. ನೋಡ್ಬೇಕಾದ್ದು ಬಟನ್: ಒಂದೇ ಒತ್ತಿಗೆ ಫುಲ್ ಬರ್ಬೇಕು, ಮೊದಲು ಡಿಮ್ಮು ಆಮೇಲೆ ಮೀಡಿಯಮ್ಮು ಅಂತ ಆಟ ಆಡುವಂಥದ್ದು ಬೇಡ. ಚಿಟಿಚಿಟಿ ಮಿಂಚುವ ಸ್ಟ್ರೋಬ್ ಮೋಡ್ ಭಾರೀ ಅಂತ ಹೇಳ್ತಾರೆ, ನನಗೆ ಸರಿ ಕಾಣೋದಿಲ್ಲ, ಅವನ ಕೈಯಲ್ಲಿ ಎಂತ ಉಂಟು ಅಂತ ನಿಮಗೂ ಕಾಣೋದಿಲ್ಲ, ಮನೆಯಲ್ಲಿ ಫಿಟ್ಸ್ ಬರುವವರಿದ್ರೆ ಅವರಿಗೂ ತೊಂದ್ರೆ. ಲೇಸರ್ ಅಂತೂ ಬೇಡವೇ ಬೇಡ, ಕಣ್ಣು ಶಾಶ್ವತವಾಗಿ ಹಾಳಾಗಬಹುದು.

ಬಳಸುವಾಗ ಟಾರ್ಚನ್ನು ಮೈಯಿಂದ ದೂರ ಕೈ ಚಾಚಿ ಭುಜದೆತ್ತರಕ್ಕೆ ಹಿಡೀರಿ, ಅವನು ಬೆಳಕಿನ ಕಡೆ ಎಂತಾದ್ರೂ ಬೀಸಿದ್ರೂ ನೀವು ಅಲ್ಲಿ ಇರೋದಿಲ್ಲ. ಒಂದು ಕಣ್ಣು ಮುಚ್ಚಿಕೊಂಡ್ರೆ ಆ ಕಣ್ಣಿಗೆ ಕತ್ತಲೆಯ ಅಭ್ಯಾಸ ಉಳೀತದೆ. ಬಿಳಿ ಗೋಡೆಗೂ ಕಪಾಟಿನ ಕನ್ನಡಿಗೂ ಹೊಡೀಬೇಡಿ, ವಾಪಸ್ ನಿಮ್ಮ ಕಣ್ಣಿಗೇ. ಮುಖಕ್ಕೆ ಹೊಡೆದು, ಆರಿಸಿ, ಜಾಗ ಬದಲಿಸಿ, ರೂಮೊಳಗೆ ಹೋಗಿ ಚಿಲಕ ಹಾಕಿ ಪೊಲೀಸರಿಗೆ 112ಕ್ಕೆ ಫೋನ್ ಮಾಡಿ. ಅದಕ್ಕೂ ಮೊದಲು "ಯಾರದು?" ಅಂತ ಕೇಳ್ಲಿಕ್ಕೆ ಮರೀಬೇಡಿ, ನೈಟ್ ಶಿಫ್ಟ್ ಮುಗಿಸಿ ಬಂದ ಮಗ ಆಗಿರಬಹುದು.

ಕಾನೂನಿನ ಮಾತು ಒಂದು: 2024 ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಆತ್ಮರಕ್ಷಣೆ ಅದರ 34ರಿಂದ 44ನೇ ಸೆಕ್ಷನ್‌ಗಳಲ್ಲಿ ಉಂಟು. 37ರ ಪ್ರಕಾರ ರಕ್ಷಣೆಗೆ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ಟು ಕೊಡುವ ಹಕ್ಕಿಲ್ಲ. ಕಣ್ಣು ಕುಕ್ಕಿಸಿ ಬಾಗಿಲು ಹಾಕಿದವನಿಗೆ ತೊಂದ್ರೆ ಕಮ್ಮಿ, ಓಡುವವನನ್ನು ಅಟ್ಟಿಸಿ ಹೊಡೆದವನಿಗೆ ಕೋರ್ಟು.

ಟಾರ್ಚು ಮಂಚದ ಪಕ್ಕ ಮೊಳೆಗೆ ನೇತು ಹಾಕಿ, ಎರಡು ಮೂರು ತಿಂಗಳಿಗೊಮ್ಮೆ ಚಾರ್ಜ್ ನೋಡಿ. ಮೊದಲ ಮಳೆಗೆ ಗದ್ದೆಯಲ್ಲಿ ಮೀನು ಹಿಡೀಲಿಕ್ಕೆ ಮಕ್ಕಳು ಅದನ್ನೇ ಎತ್ತಿಕೊಂಡು ಹೋಗ್ತಾರೆ, ಅವರಿಗೆ ಬೇರೆಯೇ ಒಂದು ತೆಗೆದುಕೊಡಿ. ಫೋನ್ ಹತ್ತಿರ ಮನೆ ನಂಬರು, ಅಡ್ಡರಸ್ತೆ, ಹತ್ತಿರದ ದೈವಸ್ಥಾನವೋ ಶಾಲೆಯೋ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ, ಗಾಬರಿಯಲ್ಲಿ ಅಮ್ಮನಿಗೆ ವಿಳಾಸ ಬಾಯಿಗೆ ಬರೋದಿಲ್ಲ.